ಅಟ್ಟದ ಮೇಲೆ ಫೋಟೋಗ್ರಾಫರ್‌ಗೆ ಏನು ಕೆಲಸ?

ನಮ್ಮ ಕಾಲೇಜಿನಲ್ಲಿ ಪ್ರತಿ ಬ್ಯಾಚಿಗೂ ಹತ್ತು ಹನ್ನೆರಡು ಜನ ಫೋಟೋಗ್ರಾಫರ್‌ಗಳು ಇರ್ತಾರೆ. ಮೊದಲ ಸೆಮ್‌ನಲ್ಲೇ ಇನ್‌ಸ್ಟಾಗ್ರಾಂ ಪೇಜ್ ಶುರುವಾಗುತ್ತೆ, ಹೆಸರಿನ ಮುಂದೆ 'ಕ್ಲಿಕ್ಸ್' ಅಂತಲೋ 'ಫ್ರೇಮ್ಸ್' ಅಂತಲೋ ಒಂದು ಬಾಲ. ಕ್ಯಾಂಪಸ್ಸಿನ ಗುಲ್‌ಮೊಹರ್, ಹಾಸ್ಟೆಲ್ ಟೆರೇಸಿನ ಸೂರ್ಯಾಸ್ತ, ಮೆಸ್ಸಿನ ಬೆಕ್ಕು, ಆಮೇಲೆ ನಂದಿಬೆಟ್ಟ. ಮೂರನೇ ಸೆಮ್ ಇಂಟರ್ನಲ್ಸ್ ಹೊತ್ತಿಗೆ ಪೇಜ್ ಮಲಗುತ್ತೆ. ಫೆಸ್ಟ್ ಬಂದಾಗ ಒಂದ್ಸಲ ಎದ್ದು ಮತ್ತೆ ಮಲಗುತ್ತೆ.

ಇದನ್ನ ತಮಾಷೆ ಮಾಡೋಕೆ ಬರೀತಿಲ್ಲ. ಆ ಹತ್ತು ಹನ್ನೆರಡು ಜನರಲ್ಲಿ ಒಬ್ಬಿಬ್ಬರಿಗೆ ನಿಜವಾಗಲೂ ಅದೇ ಕಸುಬು ಬೇಕಾಗಿರುತ್ತೆ. ಪ್ಲೇಸ್‌ಮೆಂಟ್ ಅಂತ ಎಲ್ಲರೂ ಓಡೋವಾಗ ಅವರು ಒಳಗೊಳಗೇ ಇನ್ನೊಂದು ಲೆಕ್ಕ ಹಾಕ್ತಿರ್ತಾರೆ. ಅವರಿಗೆ ಯೂಟ್ಯೂಬ್ ಕೊಡೋ ಸಲಹೆ ಒಂದೇ: ದಿನಾ ಪೋಸ್ಟ್ ಮಾಡು, ಒಳ್ಳೆ ಲೆನ್ಸ್ ತಗೋ, ಟ್ರೆಂಡ್ ಹಿಡಿ. ನಮಗೆ ಈ ಮೂರೂ ಸಲಹೆ ತಪ್ಪು ಅನ್ನಿಸುತ್ತೆ. ಅದಕ್ಕೇ ಈ ಬರಹ.

ನಾವು ಅಂದ್ರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ಇಲ್ಲಿ ಸೇರಿರೋ ಐದಾರು ಜನ. ನಮ್ಮ ತಾಲ್ಲೂಕುಗಳ ಹೆಸರು ಹೇಳಿದರೆ ಕ್ಲಾಸಿನಲ್ಲಿ ಮೊದಲು ಬರೋ ಪ್ರಶ್ನೆ "ಹೌದಾ, ಅಲ್ಲಿ ನೋಡೋಕೆ ಏನಿದೆ?" ತೆಂಗು ಅಂತೀವಿ. "ಅದು ಬಿಟ್ಟು?" ಅಂತಾರೆ. ಫೋಟೋಗ್ರಫಿಯ ದೊಡ್ಡ ಸಮಸ್ಯೆ ಈ 'ಅದು ಬಿಟ್ಟು'ವಿನಲ್ಲೇ ಇದೆ ಅಂತ ನಮ್ಮ ವಾದ.

ಮೊದಲು ಕಾಡಿನ ಕಥೆ ಮುಗಿಸಿಬಿಡೋಣ, ಯಾಕಂದ್ರೆ ಎಂಜಿನಿಯರಿಂಗ್ ಓದೋ ಫೋಟೋಗ್ರಾಫರ್‌ಗಳಿಗೆಲ್ಲ ಅದೇ ಕನಸು. ಕಲ್ಯಾಣ್ ವರ್ಮಾ ಬೆಂಗಳೂರಿನ ಪಿಇಎಸ್‌ನಲ್ಲಿ ಎಂಜಿನಿಯರಿಂಗ್ ಓದಿ, ಯಾಹೂ ಕಂಪನಿಯಲ್ಲಿದ್ದವರು. 2004ರ ಸುಮಾರಿಗೆ ಕೆಲಸ ಬಿಟ್ಟು ಬಿಳಿಗಿರಿರಂಗನ ಬೆಟ್ಟ ಸೇರಿದರು. ಮುಂದೆ ಅಮೋಘವರ್ಷ ಅವರ ಜೊತೆ 'ವೈಲ್ಡ್ ಕರ್ನಾಟಕ' ಮಾಡಿದರು. 2020ರ ಜನವರಿಯಲ್ಲಿ ಅದು ಥಿಯೇಟರಿಗೇ ಬಂತು, ಡೇವಿಡ್ ಆಟನ್‌ಬರೋ ಧ್ವನಿ, ಆಮೇಲೆ ರಾಷ್ಟ್ರಪ್ರಶಸ್ತಿ. ಈ ಕಥೆ ಕೇಳಿದ ಯಾರಿಗಾದರೂ ರಾಜೀನಾಮೆ ಕೊಡಬೇಕು ಅನ್ನಿಸುತ್ತೆ, ಇನ್ನೂ ಕೆಲಸವೇ ಸಿಕ್ಕಿರದಿದ್ದರೂ.

ಆದರೆ 2004 ಅನ್ನೋದನ್ನ ಸ್ವಲ್ಪ ಗಮನಿಸಿ. ಆಗ ಇನ್‌ಸ್ಟಾಗ್ರಾಂ ಇರಲಿಲ್ಲ. ಡಿಜಿಟಲ್ ಎಸ್ಎಲ್ಆರ್ ಕೈಗೆ ಸಿಗೋದು ಆಗಷ್ಟೇ ಶುರುವಾಗಿತ್ತು. ಅಂತರ್ಜಾಲದಲ್ಲಿ ನಮ್ಮ ಕಾಡುಗಳ ಒಳ್ಳೆ ಫೋಟೋಗಳ ಜಾಗ ಹೆಚ್ಚು ಕಡಿಮೆ ಖಾಲಿ ಇತ್ತು. ಇವತ್ತು ಕಬಿನಿಯ ಕರಿಚಿರತೆ ರಸ್ತೆ ದಾಟಿದರೆ ಎಷ್ಟು ಲೆನ್ಸ್ ಅದರ ಕಡೆ ತಿರುಗುತ್ತವೆ! 2020ರಲ್ಲಿ ಅದರ ಫೋಟೋ ದೇಶವಿಡೀ ಓಡಾಡಿದ ಮೇಲಂತೂ ಸಫಾರಿ ಜೀಪಿನಲ್ಲಿ ಮೊಣಕೈ ಮಡಚೋಕೂ ಜಾಗ ಇಲ್ಲ. ಅದೇ ಜೀಪು, ಅದೇ ತಿರುವು, ಬಾಡಿಗೆಗೆ ತಂದ ಅದೇ ಟೆಲಿ ಲೆನ್ಸ್, ಅದೇ ಸಂಜೆಯ ಬೆಳಕು. ಅಲ್ಲಿಂದ ಬರೋ ಫೋಟೋ ಚೆನ್ನಾಗಿರುತ್ತೆ. ಯಾರು ತೆಗೆದದ್ದು ಅಂತ ಮಾತ್ರ ಗೊತ್ತಾಗಲ್ಲ. ವರ್ಮಾ ಅವರಿಂದ ಕಲಿಯಬೇಕಾದದ್ದು ಕಾಡಿಗೆ ಹೋಗೋದನ್ನಲ್ಲ, ಅವರು ಹೋದಾಗ ಅಲ್ಲಿ ಗುಂಪು ಇರಲಿಲ್ಲ ಅನ್ನೋದನ್ನ.

ನಮಗೆ ಹೆಚ್ಚು ಇಷ್ಟವಾದ ಕಥೆ ಬೇರೆ. ಕಾಪ್ ಶಿವ ಅಂತಲೇ ಹೆಸರಾದ ಶಿವರಾಜು ಅವರದ್ದು. ಹೆಸರಿನಲ್ಲಿರೋ 'ಕಾಪ್' ಸುಮ್ಮನೆ ಇಟ್ಟುಕೊಂಡಿದ್ದಲ್ಲ, ಬೆಂಗಳೂರು ಪೊಲೀಸ್‌ನಲ್ಲಿ ಕಾನ್‌ಸ್ಟೆಬಲ್ ಆಗಿದ್ದವರು. ರಾಮನಗರ ಕಡೆಯ ಹಳ್ಳಿಯವರು. ಶಾಂತಿನಗರದ ಒನ್ ಶಾಂತಿರೋಡ್ ಅನ್ನೋ ಕಲಾವಿದರ ತಾಣದ ಒಡನಾಟ ಸಿಕ್ಕಿ ಫೋಟೋ ತೆಗೆಯೋಕೆ ಶುರು ಮಾಡಿದರು. ಅವರಿಗೆ ಹೆಸರು ತಂದುಕೊಟ್ಟ ಸರಣಿ 'ಬೀಯಿಂಗ್ ಗಾಂಧಿ'. ಅದರಲ್ಲಿರೋದು ಕಡೂರು ಕಡೆಯ ಬಾಗಡೇಹಳ್ಳಿ ಬಸವರಾಜು ಅನ್ನೋ ಮೇಷ್ಟ್ರು. ಅವರು ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು, ಕೋಲು ಕನ್ನಡಕ ಹಾಕಿ, ಗಾಂಧಿ ಪ್ರತಿಮೆಯ ಥರ ಊರೂರಿನಲ್ಲಿ ನಿಲ್ಲುತ್ತಾರೆ. ಶಿವ ಅವರ ಹಿಂದೆ ಹೋದರು. ಒಂದ್ಸಲ ಹೋಗಿ ಒಂದು ರೀಲ್ ಮಾಡಿ ಬಂದಿದ್ದರೆ ಅದು 'ವೈರಲ್ ಗಾಂಧಿ ತಾತ' ಆಗಿ ಎರಡು ದಿನಕ್ಕೆ ಮುಗೀತಿತ್ತು. ಮತ್ತೆ ಮತ್ತೆ ಹೋದರು. ಹೊಲದಲ್ಲಿ, ಬಸ್ಸಿನಲ್ಲಿ, ಅಂಗಡಿ ಮುಂದೆ ಬೆಳ್ಳಿ ಗಾಂಧಿ. ಆ ಫೋಟೋಗಳಲ್ಲಿ ನಗು ಬರುತ್ತೆ, ಸ್ವಲ್ಪ ಹೊತ್ತಾದ ಮೇಲೆ ಎದೆಗೆ ಏನೋ ತಾಕುತ್ತೆ.

ಆಮೇಲೆ ಅವರು ತಮ್ಮ ಅಮ್ಮನ ಜೊತೆಗೇ ಒಂದು ಸರಣಿ ಮಾಡಿದರು, 'ಲೈಕ್ ಮದರ್ ಲೈಕ್ ಸನ್'. ಹಳ್ಳಿಯ ಅಮ್ಮ, ಪೊಲೀಸ್ ಮಗ, ಇಬ್ಬರೂ ಕ್ಯಾಮೆರಾ ಮುಂದೆ. ಇದಕ್ಕೆ ಬೇಕಾದ ವಿಮಾನ ಟಿಕೆಟ್ ಎಷ್ಟು? ಸೊನ್ನೆ. ಟೆಲಿ ಲೆನ್ಸ್? ಅದೂ ಸೊನ್ನೆ. ಪೊಲೀಸ್ ಕೆಲಸ ಮಾಡ್ತಾ ಮಾಡ್ತಾ ಇಷ್ಟು ಮಾಡಿದ್ದಾರೆ ಅನ್ನೋದು, 'ಎಂಜಿನಿಯರಿಂಗ್‌ನಿಂದ ಟೈಮೇ ಸಿಗಲ್ಲ ಮಚ್ಚಾ' ಅನ್ನೋ ನಮಗೆ ಸ್ವಲ್ಪ ಉರಿ ತರಿಸೋ ವಿಷಯ.

ತಮಿಳುನಾಡಿನ ಎಂ. ಪಳನಿಕುಮಾರ್ ಅವರದ್ದೂ ಇಂಥದೇ ದಾರಿ. ಅವರಮ್ಮ ಮಧುರೈನಲ್ಲಿ ಮೀನು ಮಾರುವವರು. ಅಮ್ಮನ ದುಡಿಮೆಯನ್ನೇ ಫೋಟೋ ಮಾಡಿದ್ದಾರೆ. ಚರಂಡಿಗೆ ಇಳಿದು ಕೆಲಸ ಮಾಡುವವರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ 'ಪರಿ' ಗ್ರಾಮೀಣ ಭಾರತದ ಸಂಗ್ರಹದಲ್ಲಿ ಅವರ ಕೆಲಸ ಇದೆ, ಕನ್ನಡದಲ್ಲೂ ಓದಬಹುದು. 2022ರಲ್ಲಿ ದಯಾನಿತಾ ಸಿಂಗ್ ಹೆಸರಿನ ಸಾಕ್ಷ್ಯ ಫೋಟೋಗ್ರಫಿ ಪ್ರಶಸ್ತಿ ಮೊದಲ ಸಲ ಕೊಟ್ಟಾಗ ಅದು ಸಿಕ್ಕಿದ್ದು ಅವರಿಗೇ.

ಈಗ ನಮ್ಮೂರಿಗೆ ಬರೋಣ.

ತಿಪಟೂರು ಸೀಮೆಯ ಹಳೇ ಮನೆಗಳಲ್ಲಿ ಅಟ್ಟ ಇರುತ್ತೆ. ಗೊತ್ತಿಲ್ಲದವರಿಗೆ: ನಮ್ಮ ಕಡೆ ಮುಖ್ಯ ವ್ಯಾಪಾರ ಎಣ್ಣೆ ಕೊಬ್ಬರಿಯದ್ದಲ್ಲ, ಉಂಡೆ ಕೊಬ್ಬರಿಯದ್ದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಗಾಳಿ ಆಡೋ ಹಾಗೆ ಹರಡಿ, ಹತ್ತು ಹನ್ನೊಂದು ತಿಂಗಳು ಬಿಡ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ಆಗುತ್ತೆ. ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಮೂಟೆ ಕಟ್ಟಿ ತಿಪಟೂರು ಎಪಿಎಂಸಿಗೆ. ಅಲ್ಲಿಂದ ಉತ್ತರ ಭಾರತಕ್ಕೆ, ಸಿಹಿತಿಂಡಿಗೆ, ಹಬ್ಬಕ್ಕೆ, ಮದುವೆಗೆ. ಮರದಲ್ಲಿ ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಒಂದು ವರ್ಷ, ಅಟ್ಟದಲ್ಲಿ ಸುಮಾರು ಇನ್ನೊಂದು. ನಾಲ್ಕು ಸೆಮಿಸ್ಟರ್!

ಈ ನಾಲ್ಕು ಸೆಮಿಸ್ಟರನ್ನು ಮೊದಲಿಂದ ಕೊನೆವರೆಗೆ ಒಬ್ಬರೇ ಕೂತು ಫೋಟೋ ಮಾಡಿದ್ದನ್ನ ನಾವಂತೂ ನೋಡಿಲ್ಲ. ಮಾಡಬೇಕು ಅಂತ ಹೊರಟರೆ ಏನೇನು ಬರುತ್ತೆ ನೋಡಿ. ಅಟ್ಟದ ಕತ್ತಲೆ: ಹೆಂಚಿನ ಸಂದಿಯಿಂದ ಬರೋ ನಾಲ್ಕು ಗೆರೆ ಬೆಳಕು ಬಿಟ್ಟರೆ ಬೇರೇನೂ ಇಲ್ಲ, ಐಎಸ್ಒ ಏರಿಸಿದರೆ ಬರೀ ಮರಳು. ಟ್ರೈಪಾಡ್ ಇಟ್ಟರೆ ಹಲಗೆ ಅಲ್ಲಾಡುತ್ತೆ. ತೋಟಕ್ಕೆ ಇಳಿದರೆ ಇನ್ನೊಂದು ಕಷ್ಟ: ಮಧ್ಯಾಹ್ನ ಗರಿಗಳ ನೆರಳು ಮುಖದ ಮೇಲೆ ಪಟ್ಟೆ ಪಟ್ಟೆ ಬೀಳುತ್ತೆ, ಒಂದು ಕಣ್ಣು ಉರಿಬಿಸಿಲಲ್ಲಿ, ಇನ್ನೊಂದು ಕತ್ತಲಲ್ಲಿ. ಯಾವ ಪ್ರಿಸೆಟ್ಟೂ ಇದನ್ನ ಸರಿ ಮಾಡಲ್ಲ. ಮೋಡ ಬರೋವರೆಗೆ ಕಾಯಬೇಕು, ಇಲ್ಲ ಅಂದ್ರೆ ಆ ಪಟ್ಟೆಯನ್ನೇ ಫೋಟೋ ಮಾಡೋಕೆ ಕಲೀಬೇಕು. ಇದನ್ನ ಎರಡು ವರ್ಷ ಮಾಡಿದವರ ಕೈಗೆ ಒಂದು ಬೆಳಕು ಹತ್ತುತ್ತೆ. ಅದೇ ಅವರ ಶೈಲಿ. ಶೈಲಿ ಅನ್ನೋದು ಎಡಿಟಿಂಗ್ ಆ್ಯಪಿನಲ್ಲಿ ಇರುತ್ತೆ ಅಂದುಕೊಂಡವರ ಫೋಟೋಗಳೆಲ್ಲ ಕಿತ್ತಳೆ-ನೀಲಿ ಬಣ್ಣದಲ್ಲಿ ಒಂದೇ ತಾಯಿ ಮಕ್ಕಳ ಥರ ಕಾಣೋದು ಇದಕ್ಕೇ.

ಒಂದು ಎಐ ಆ್ಯಪ್‌ಗೆ 'ತೆಂಗಿನ ತೋಟದಲ್ಲಿ ಕರ್ನಾಟಕದ ರೈತ' ಅಂತ ಕೊಟ್ಟು ನೋಡಿದ್ವಿ. ಹಿನ್ನೀರು ಬಂತು, ನೀರಿನ ಮೇಲೆ ಬಾಗಿದ ಮರ ಬಂತು, ಒಂದು ದೋಣಿಯೂ ಬಂತು. ಚಿಕ್ಕನಾಯಕನಹಳ್ಳಿಯಲ್ಲಿ ದೋಣಿ! ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲ ಮಾಡಿಕೊಂಡವರ ಊರಲ್ಲಿ. ಅಂದ್ರೆ ನಮ್ಮ ತೆಂಗಿನ ಸೀಮೆ ಹೇಗಿದೆ ಅಂತ ಆ ಯಂತ್ರಕ್ಕೆ ಗೊತ್ತಿಲ್ಲ, ಯಾಕಂದ್ರೆ ಯಾರೂ ಅದಕ್ಕೆ ಸಾಕಷ್ಟು ತೋರಿಸಿಲ್ಲ. ಎಐ ಬಂದು ಫೋಟೋಗ್ರಾಫರ್ ಕೆಲಸ ಕಿತ್ಕೊಳುತ್ತೆ ಅಂತ ಹೆದರುವವರು ಇಲ್ಲಿ ಸ್ವಲ್ಪ ಧೈರ್ಯ ತಗೋಬಹುದು. ಸೂರ್ಯಾಸ್ತವನ್ನ ಅದು ನಮಗಿಂತ ಚೆನ್ನಾಗಿ ಮಾಡುತ್ತೆ. ನಿಮ್ಮಜ್ಜನ ಅಟ್ಟವನ್ನು ಸದ್ಯಕ್ಕಂತೂ ಮಾಡಲ್ಲ.

ಸಮಯವೂ ಕಡಿಮೆ ಇದೆ. ಹೊಸದಾಗಿ ಕಟ್ಟೋ ಆರ್‌ಸಿಸಿ ಮನೆಗಳಲ್ಲಿ ಅಟ್ಟ ಇರಲ್ಲ, ತೋಟದಲ್ಲಿ ಶೀಟಿನ ಶೆಡ್ಡು ಇರುತ್ತೆ. ಎಳನೀರಿಗೆ ಒಳ್ಳೆ ರೇಟ್ ಬಂದರೆ ಹನ್ನೊಂದು ತಿಂಗಳು ಯಾರು ಕಾಯ್ತಾರೆ? ಕಾದವರ ಪಾಡು ಏನು ಅಂತಲೂ ನೋಡಿದ್ದೀವಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಅದು ಸಾಲದು ಅಂತ ರೈತರು ಬೀದಿಗಿಳಿದಿದ್ದರು. ಕಪ್ಪು ತಲೆ ಹುಳು ಗರಿಯನ್ನ ಸುಟ್ಟ ಹಾಗೆ ಮಾಡುತ್ತೆ, ಕಾಂಡ ಸೋರುತ್ತೆ, ನುಸಿ ಬಂದ ಕಾಯಿ ಮುಖ ಸುಕ್ಕುಗಟ್ಟುತ್ತೆ. ಚಿಕ್ಕನಾಯಕನಹಳ್ಳಿ ಕಡೆ ಇನ್ನೊಂದು ಪದರ ಇದೆ: ಕಬ್ಬಿಣದ ಅದಿರಿನ ಗಣಿ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತ್ತಲ್ಲ, ಆಗ ನಾವು ಅಂಗನವಾಡಿಗೆ ಹೋಗೋ ವಯಸ್ಸಿನವರು. ಗುಡ್ಡದ ಗಾಯ ಇನ್ನೂ ಕಾಣುತ್ತೆ. ಇವೆಲ್ಲ ಪತ್ರಿಕೆಯಲ್ಲಿ ಒಂದು ಕಾಲಂ ಸುದ್ದಿಯಾಗಿ ಬಂದು ಹೋಗುತ್ತವೆ, ಜೊತೆಗೆ ಮನವಿ ಪತ್ರ ಕೊಡುವವರ ಸಾಲು ಫೋಟೋ. ಅಧಿಕಾರಿ ಒಂದು ಕಡೆ ಹಿಡಿದಿರ್ತಾರೆ, ಮುಖಂಡರು ಇನ್ನೊಂದು ಕಡೆ. ಮನೆಯೊಳಗೆ ಏನಾಯ್ತು ಅನ್ನೋ ಫೋಟೋ ಇಲ್ಲ.

ಸರಿ, ಇದೆಲ್ಲ ಕೇಳೋಕೆ ಚೆನ್ನಾಗಿದೆ. ಊಟಕ್ಕೆ?

ಇದು ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಇದನ್ನೇ ಕೇಳ್ತಾರೆ, ಕೇಳಬೇಕು ಕೂಡ. ನಮ್ಮ ಫೀಸು ಕಟ್ಟಿರೋದು ಅದೇ ಕೊಬ್ಬರಿ. ಇದಕ್ಕೆ ನಮ್ಮ ಉತ್ತರ ಮದುವೆ. ಅಂದ್ರೆ ಬೇರೆಯವರ ಮದುವೆ. ತಿಪಟೂರಿನ ಯಾವ ಸ್ಟುಡಿಯೋದವರನ್ನು ಕೇಳಿದರೂ ಹೇಳ್ತಾರೆ, ಲಗ್ನದ ಸೀಸನ್‌ನಲ್ಲಿ ದುಡಿದರೆ ಉಳಿದ ದಿನ ಉಸಿರಾಡಬಹುದು. ಮದುವೆ ಫೋಟೋ ಅಂದ್ರೆ ಮೂಗು ಮುರಿಯೋ ಕಲಾವಿದರನ್ನು ಕಂಡರೆ ನಮಗೆ ಆಗಲ್ಲ. ಬೆಂಗಳೂರಿನ ಮಹೇಶ್ ಶಾಂತಾರಾಮ್ ಹೊಟ್ಟೆಪಾಡಿಗೆ ಮದುವೆ ಫೋಟೋಗೇ ಹೋದವರು, ಆ ಮದುವೆಗಳಲ್ಲೇ 'ಮ್ಯಾಟ್ರಿಮೇನಿಯಾ' ಅನ್ನೋ ಸರಣಿ ಕಂಡುಕೊಂಡರು. ಛತ್ರದ ಅಬ್ಬರ, ಸುಸ್ತಾದ ಮುಖಗಳು, ಖಾಲಿ ಕುರ್ಚಿ, ಪ್ಲಾಸ್ಟಿಕ್ ಹೂವಿನ ಕಮಾನು, ಎಲ್ಲ ಇದೆ ಅದರಲ್ಲಿ. ಅದೇ ಮನುಷ್ಯ 2016ರಲ್ಲಿ ಬೆಂಗಳೂರಿನಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬರ ಮೇಲೆ ಹಲ್ಲೆ ನಡೆದ ಮೇಲೆ ಇಲ್ಲಿನ ಆಫ್ರಿಕನ್ ವಿದ್ಯಾರ್ಥಿಗಳ ಭಾವಚಿತ್ರ ತೆಗೆಯೋಕೆ ಹೊರಟರು. ಹೊಟ್ಟೆಪಾಡು ಒಂದು, ಒಳಗಿನ ಕೆಲಸ ಇನ್ನೊಂದು ಅಂತ ಗೋಡೆ ಕಟ್ಟಬೇಕಾಗಿಲ್ಲ ಅನ್ನೋದಕ್ಕೆ ಅವರನ್ನ ನೋಡಿದರೆ ಸಾಕು.

ನಮ್ಮೂರ ಪ್ರಿ-ವೆಡ್ಡಿಂಗ್ ಶೂಟ್‌ಗಳದ್ದೇ ಒಂದು ವಿಚಿತ್ರ. ಮನೆ ಹಿಂದೆ ನಾಲ್ಕು ಎಕರೆ ತೋಟ ಇಟ್ಟುಕೊಂಡು ಜೋಡಿ ಸಕಲೇಶಪುರಕ್ಕೆ ಹೋಗುತ್ತೆ, ಬಣ್ಣದ ಹೊಗೆ ಬಿಡೋಕೆ. ಅಲ್ಲಿ ಹಿಂದಿನ ವಾರ ಅದೇ ಬಂಡೆ ಮೇಲೆ ಇನ್ನೊಂದು ಜೋಡಿ ನಿಂತಿರುತ್ತೆ. ಹುಡುಗನ ಅಜ್ಜಿ ನೆಟ್ಟ ಮರದ ಕೆಳಗೆ ಇಬ್ಬರನ್ನೂ ನಿಲ್ಲಿಸೋ ಧೈರ್ಯ ಇರೋ ಫೋಟೋಗ್ರಾಫರ್‌ಗೆ ಮುಂದಿನ ಐದು ಮದುವೆ ಗ್ಯಾರಂಟಿ ಅಂತ ನಮ್ಮ ನಂಬಿಕೆ. ಬೆಟ್ ಕಟ್ಟೋಕೆ ರೆಡಿ.

ಇಲ್ಲೇ ಒಂದು ಉಪಯೋಗದ ವಿಷಯ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ. ಸುಮ್ಮನೆ ನೀವೇ ತೆಗೆದ ಫೋಟೋದ ಹಕ್ಕು ನಿಮ್ಮದು. ಆದರೆ ಯಾರಾದರೂ ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ತೆಗೆಸಿದವರು. ಅಂದ್ರೆ ಮದುವೆ ಫೋಟೋಗಳನ್ನ ನಿಮ್ಮ ಪುಸ್ತಕಕ್ಕೋ ಪ್ರದರ್ಶನಕ್ಕೋ ಬಳಸಬೇಕು ಅಂದ್ರೆ ಅಡ್ವಾನ್ಸ್ ತಗೊಳ್ಳುವಾಗಲೇ ಎರಡು ಸಾಲು ಬರೆಸಿಕೊಳ್ಳಬೇಕು. ನಮ್ಮಲ್ಲಿ ಒಬ್ಬ ಒಂದು ಅಂಗಡಿಯ ಜಾಹೀರಾತಿಗೆ ಫೋಟೋ ತೆಗೆದುಕೊಟ್ಟ. ಆಮೇಲೆ ಅದೇ ಫೋಟೋವನ್ನು ತನ್ನ ಪೇಜಿನಲ್ಲಿ ಹಾಕಿದ್ದಕ್ಕೆ ಅವರು "ತೆಗಿ ತಮ್ಮಾ" ಅಂದರು. ಕೇಳಿದರೆ ಬರವಣಿಗೆಯಲ್ಲಿ ಏನೂ ಇಲ್ಲ. ಲೆನ್ಸಿನ ರಿವ್ಯೂ ಹತ್ತು ಗಂಟೆ ನೋಡ್ತೀವಿ, ಈ ಒಂದು ಸೆಕ್ಷನ್ ಓದೋಕೆ ಐದು ನಿಮಿಷ ಸಾಕು.

ಇನ್ನೊಂದು ಆಕ್ಷೇಪ ಬರುತ್ತೆ, ಅದು ಇದಕ್ಕಿಂತ ಗಟ್ಟಿ. ಕಷ್ಟದಲ್ಲಿರೋ ರೈತರ ಫೋಟೋ ತೆಗೆದು ನೀವು ಹೆಸರು ಮಾಡ್ಕೊಂಡರೆ ಅವರಿಗೆ ಏನು ಸಿಕ್ತು? ತುರುವೇಕೆರೆ ಕಡೆಯ ನಮ್ಮ ಗೆಳೆಯನೊಬ್ಬ ಹೋದ ರಜೆಯಲ್ಲಿ ಅಟ್ಟ ಹತ್ತಿದಾಗ ಅವನ ತಾತ ಕೆಳಗಿಂದ ಕೇಳಿದ್ದು ಇಷ್ಟೇ: "ಆ ಅಟ್ಟದಾಗೆ ಏನೈತ್ಲಾ ಫೋಟೋ ತೆಗೆಯಾಕೆ? ರೇಟ್ ಬಿದ್ದೈತೆ ಅಂತ ಅದ್ರಾಗೆ ಕಾಣ್ತದಾ?" ಕಾಣಲ್ಲ. ಬರೀ ಫೋಟೋದಲ್ಲಿ ಕಾಣಲ್ಲ. ಅದಕ್ಕೇ ಫೋಟೋ ಕೆಳಗೆ ಬರೆಯಬೇಕು ಅನ್ನೋದು. ಒಪ್ಪಿಗೆ ಕೊಟ್ಟವರ ಹೆಸರು, ಊರು, ತಿಂಗಳು, ಆ ವಾರದ ಕೊಬ್ಬರಿ ರೇಟು. 'ಗ್ರಾಮೀಣ ಭಾರತದ ಮುಗ್ಧ ನಗು' ಅಂತ ಇಂಗ್ಲಿಷಿನಲ್ಲಿ ಬರೆದು ಹತ್ತು ಹ್ಯಾಷ್‌ಟ್ಯಾಗ್ ಹಾಕೋದಲ್ಲ. ತೆಗೆದ ಫೋಟೋದ ಒಂದು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಬೇಕು. ಪ್ರಿಂಟ್ ಕೊಟ್ಟರೆ ಎರಡನೇ ಸಲ ಹೋಗೋಕೆ ಬಾಗಿಲು ತೆರೆದಿರುತ್ತೆ, ಮತ್ತೆ ಮತ್ತೆ ಹೋಗದೆ ಈ ಕೆಲಸ ಆಗಲ್ಲ.

ಬರೆಯೋಕೆ ಕೂತಾಗ ಇನ್ನೊಂದು ಗೊತ್ತಾಯ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಮರದ ಒಂದೊಂದು ಭಾಗಕ್ಕೂ ಹೆಸರು ಕೇಳಿಕೊಂಡೇ ಬರೆಯಬೇಕಾಯ್ತು. ಹೊಂಬಾಳೆ, ಗರಿ, ಸೋಗೆ, ಮಟ್ಟೆ, ಚಿಪ್ಪು, ಕಾಯಿ ಕೀಳೋ ದೋಟಿ. ಹುಡುಕಾಟದ ಯುಗದಲ್ಲಿ ಕ್ಯಾಪ್ಶನ್ ಅಂದ್ರೆ ವಿಳಾಸ ಇದ್ದ ಹಾಗೆ. 'ಅಟ್ಟ', 'ಉಂಡೆ ಕೊಬ್ಬರಿ' ಅಂತ ಕನ್ನಡದಲ್ಲಿ ಹುಡುಕಿದವರಿಗೆ ನಿಮ್ಮ ಫೋಟೋ ಮೊದಲು ಸಿಕ್ಕರೆ, ಅದು ಸಾವಿರ ಲೈಕಿಗಿಂತ ದೊಡ್ಡದು. ಪತ್ರಿಕೆಯವರು, ಸಂಶೋಧನೆ ಮಾಡುವವರು, ಪುಸ್ತಕ ಮಾಡುವವರು ಬರೋದು ಆ ದಾರಿಯಲ್ಲೇ.

ನಮ್ಮ ಗುಂಪಿನ ಹುಡುಗಿಯರು ಇಲ್ಲಿ ಒಂದು ಮಾತು ಸೇರಿಸಲೇಬೇಕು ಅಂದರು. ಕ್ಯಾಮೆರಾ ಹಿಡಿದು ರಾತ್ರಿ ಎಪಿಎಂಸಿ ಯಾರ್ಡಿಗೆ ಹೋಗೋಕೆ ಹುಡುಗರಿಗೆ ಯಾರೂ ಏನೂ ಅನ್ನಲ್ಲ, ತಮಗೆ ಮನೆಯಲ್ಲೇ ಬೇಡ ಅಂತಾರೆ ಅಂತ. ನಿಜ. ಆದರೆ ಅವರದೇ ಇನ್ನೊಂದು ಮಾತೂ ನಿಜ: ಚಿಪ್ಪು ಒಡೆಯೋ ಹೆಂಗಸರ ಗುಂಪಿನ ನಡುವೆ ಹೋಗಿ ಕೂತು, ಅವರ ಮಾತು ನಿಲ್ಲದ ಹಾಗೆ ಫೋಟೋ ತೆಗೆಯೋದು ಯಾವ ಹುಡುಗನಿಂದಲೂ ಆಗಲ್ಲ. ಹುಡುಗ ಹೋದರೆ ಸೆರಗು ಸರಿ ಮಾಡ್ಕೊಂಡು ಸುಮ್ಮನಾಗ್ತಾರೆ. ಕೊಬ್ಬರಿ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು, ಕೊಬ್ಬರಿಯ ಫೋಟೋಗಳಲ್ಲಿ ಮಾತ್ರ ಅವರು ಹಿನ್ನೆಲೆಯಲ್ಲಿ ಮಸುಕು ಮಸುಕು. ನಮ್ಮ ಸೀಮೆಯಿಂದ ಮೊದಲು ಹೆಸರು ಮಾಡೋ ಫೋಟೋಗ್ರಾಫರ್ ಹುಡುಗಿಯೇ ಆಗಿರ್ತಾಳೆ ಅಂತ ಅವರ ಲೆಕ್ಕ. ಹುಡುಗರು ಒಪ್ಪಿಲ್ಲ, ವಿರೋಧಿಸೋಕೆ ಕಾರಣವೂ ಸಿಕ್ಕಿಲ್ಲ.

ಕಲಿಯೋಕೆ ಜಾಗಗಳು ಇವೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಫೋಟೋಗ್ರಫಿಯನ್ನೇ ಪದವಿಗೆ ಓದಬಹುದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ 'ಮ್ಯಾಪ್' ಮ್ಯೂಸಿಯಂಗೆ ಒಂದು ಶನಿವಾರ ಹೋಗಿಬನ್ನಿ, ಹಳೇ ಫೋಟೋಗಳ ಮುಂದೆ ನಿಂತು ನೋಡೋದೇ ಒಂದು ಪಾಠ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನ ಹುಡುಕಿ ನೋಡಿ. 'ಲೈಫ್' ಪತ್ರಿಕೆಯವರೆಗೆ ಹೋದ ಮನುಷ್ಯ, ಆದರೂ ಅವರ ಒಳ್ಳೆಯ ಫೋಟೋಗಳಲ್ಲಿ ಎಷ್ಟೋ ಜನ ನಮ್ಮ ಬೀದಿಯ ಮಕ್ಕಳು.

ಈ ವರ್ಷ ನಾವು ಒಂದು ಕೆಲಸಕ್ಕೆ ಕೈ ಹಾಕಿದ್ದೀವಿ. ಮೂರು ತಾಲ್ಲೂಕಿನ ಮೂರು ಮನೆ, ಮೂರು ಅಟ್ಟ. ತಿಂಗಳಿಗೊಮ್ಮೆ ಊರಿಗೆ ಹೋದವರು ಅದೇ ಜಾಗದಿಂದ ಫೋಟೋ ತೆಗೆಯಬೇಕು, ಜೊತೆಗೆ ಆ ಮನೆಯವರು ಆ ತಿಂಗಳು ಏನು ಹೇಳಿದರು ಅಂತ ಅವರ ಮಾತಿನಲ್ಲೇ ಬರೆದುಕೊಂಡು ಬರಬೇಕು. ಫೋನೇ ಸಾಕು. ಎರಡು ತಿಂಗಳದ್ದು ಆಗಿದೆ. ಒಂದು ಮನೆಯಲ್ಲಿ ಎರಡನೇ ತಿಂಗಳಿಗೇ ಅರ್ಧ ಕಾಯಿ ಇಳಿಸಿ ಮಾರಿಬಿಟ್ಟಿದ್ದಾರೆ, ಮಗಳ ಫೀಸಿಗೆ. ಖಾಲಿಯಾದ ಆ ಅರ್ಧ ಅಟ್ಟವೇ ಇದುವರೆಗೆ ನಮಗೆ ಸಿಕ್ಕ ಒಳ್ಳೆಯ ಫೋಟೋ. ಹುಳಿಯಾರು, ನೊಣವಿನಕೆರೆ ಕಡೆಯವರು ಯಾರಾದರೂ ಇದ್ದರೆ ಸೇರ್ಕೊಳ್ಳಿ. ಕನ್ನಡ ಸಂಘದ ರೂಮಿನಲ್ಲಿ ಶುಕ್ರವಾರ ಲ್ಯಾಬ್ ಮುಗಿದ ಮೇಲೆ ಸಿಗ್ತೀವಿ. ಏಣಿ ನಿಮ್ಮನೇದೇ ತರಬೇಕು.